ಮುಖದಿಂದ ಕಣ್ಣು ಕದಲಿಸದೆ: ಫೋಟೋಶಾಪ್ ಬ್ರಷ್‌ಗಳನ್ನು ನಾನು ಹೊಂದಿಸಿಕೊಂಡ ಬಗೆ

ಮದುವೆಯ ಆಲ್ಬಮ್‌ಗಳಿಗೆ ಚಿತ್ರಗಳನ್ನು ಫೋಟೋಶಾಪ್ ತಂತ್ರಾಂಶದಲ್ಲಿ ತಿದ್ದಿ ಕೊಡುವುದು ನಮ್ಮ ಸ್ಟುಡಿಯೋದಲ್ಲಿ ನನ್ನ ಕೆಲಸ. ಮುಹೂರ್ತಗಳು ಸಾಲಾಗಿ ಬರುವ ತಿಂಗಳುಗಳಲ್ಲಿ ಒಂದು ಆಲ್ಬಮ್ ಮುಗಿಯುವ ಮೊದಲೇ ಮತ್ತೊಂದರ ಮೆಮೊರಿ ಕಾರ್ಡ್ ಮೇಜಿನ ಮೇಲೆ ಬಂದಿರುತ್ತದೆ. ಈ ಒತ್ತಡದಲ್ಲಿ ಅನೇಕರು ಚರ್ಮವನ್ನು ಒಂದೇ ಸಲಕ್ಕೆ ನುಣುಪಾಗಿಸುವ ಪ್ಲಗಿನ್‌ಗಳನ್ನು ಬಳಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಚರ್ಮದ ರಂಧ್ರಗಳ ಜೊತೆಗೆ ಆ ಮುಖದ ಗುರುತೂ ಅಳಿದುಹೋಗುತ್ತದೆ. ಆದ್ದರಿಂದ ಕೈಯಿಂದಲೇ ತಿದ್ದಬೇಕು, ಆದರೂ ಬೇಗ ತಿದ್ದಬೇಕು ಎಂಬ ಎರಡು ಬೇಡಿಕೆಗಳನ್ನು ಒಟ್ಟಿಗೆ ಪೂರೈಸುವ ದಾರಿಯನ್ನು ನಾನು ಹುಡುಕಬೇಕಾಯಿತು.

ಕೆಲಸ ಮಾಡುತ್ತಲೇ ನನ್ನ ಕೈಯನ್ನು ಗಮನಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಒಂದು ಕಲೆಯನ್ನು ತೆಗೆಯಲು ಕ್ಷಣಮಾತ್ರ ಸಾಕು. ಹೊತ್ತು ಹೋಗುವುದು ಬ್ರಷ್‌ನ ಗಾತ್ರವನ್ನೋ ಓಪಾಸಿಟಿಯನ್ನೋ (ಬಣ್ಣದ ದಟ್ಟತೆಯನ್ನೋ) ಬದಲಿಸಲು ಕರ್ಸರನ್ನು ಮೇಲಿನ ಪಟ್ಟಿಗೆ ಒಯ್ದು, ಸ್ಲೈಡರ್ ಎಳೆದು, ಮತ್ತೆ ಕೆನ್ನೆಯ ಮೇಲಿನ ಅದೇ ಜಾಗವನ್ನು ಹುಡುಕಿಕೊಂಡು ಬರುವುದರಲ್ಲಿ. ಕಣ್ಣು ಒಮ್ಮೆ ಮುಖದಿಂದ ಹೊರಳಿತೆಂದರೆ ಅಲ್ಲಿನ ನೆರಳು ಬೆಳಕಿನ ಸೂಕ್ಷ್ಮ ವ್ಯತ್ಯಾಸವನ್ನು ಮತ್ತೆ ಮೊದಲಿನಿಂದ ಗ್ರಹಿಸಬೇಕಾಗುತ್ತದೆ. ಹಾಗಾಗಿ ಪದೇ ಪದೇ ಬೇಕಾಗುವ ಯಾವ ನಿಯಂತ್ರಣಕ್ಕೂ ಕರ್ಸರ್ ಮುಖ ಬಿಟ್ಟು ಹೋಗಬಾರದು ಎಂಬುದನ್ನೇ ನಿಯಮವಾಗಿಟ್ಟುಕೊಂಡು ನಾನು ಎಲ್ಲವನ್ನೂ ಹೊಂದಿಸುತ್ತ ಬಂದೆ.

ಮೊದಲು ಸರಿಪಡಿಸಿಕೊಂಡದ್ದು ಗಾತ್ರ ಮತ್ತು ಅಂಚಿನ ಮೃದುತ್ವವನ್ನು. ಎಡ ಮತ್ತು ಬಲ ಚೌಕಾವರಣದ ಕೀಗಳನ್ನು ಒತ್ತಿದರೆ ಬ್ರಷ್ ಚಿಕ್ಕದು, ದೊಡ್ಡದು ಆಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ; ಶಿಫ್ಟ್ ಸೇರಿಸಿ ಒತ್ತಿದರೆ ಹಾರ್ಡ್‌ನೆಸ್, ಅಂದರೆ ಅಂಚಿನ ಗಡಸುತನ, 25 ಶೇಕಡಾದ ಹಂತಗಳಲ್ಲಿ ಬದಲಾಗುತ್ತದೆ. ಆದರೆ ಹಣೆಯ ಅಗಲದಿಂದ ಕಣ್ಣಿನ ಕೆಳಗಿನ ಗೆರೆಯವರೆಗೆ ಇಳಿಯಬೇಕಾದಾಗ ಕೀ ಒತ್ತುತ್ತಲೇ ಇರಬೇಕಾಗುತ್ತದೆ. ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ಮೌಸ್‌ನ ಬಲಗುಂಡಿಯೊಂದಿಗೆ ಎಳೆದರೆ ಅಡ್ಡ ಚಲನೆಗೆ ಗಾತ್ರವೂ, ಮೇಲೆ ಕೆಳಗಿನ ಚಲನೆಗೆ ಹಾರ್ಡ್‌ನೆಸ್ಸೂ ಬದಲಾಗುತ್ತವೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಮತ್ತು ಆಪ್ಷನ್ ಎರಡನ್ನೂ ಹಿಡಿದು ಎಳೆಯಬೇಕು. ಪ್ರಿಫರೆನ್ಸಸ್‌ನ ಟೂಲ್ಸ್ ವಿಭಾಗದಲ್ಲಿ ಒಂದು ಗುರುತನ್ನು ತೆಗೆದರೆ ಆ ಲಂಬ ಚಲನೆ ಹಾರ್ಡ್‌ನೆಸ್ ಬದಲು ಓಪಾಸಿಟಿಯನ್ನು ಬದಲಿಸತೊಡಗುತ್ತದೆ. ನಾನು ಹಾರ್ಡ್‌ನೆಸ್ ಅನ್ನೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಓಪಾಸಿಟಿಗೆ ಅಂಕಿಗಳ ಕೀಗಳೇ ಇವೆ. ಈ ಎಳೆತ ಕೆಲಸ ಮಾಡಬೇಕಾದರೆ ಗ್ರಾಫಿಕ್ಸ್ ಪ್ರೊಸೆಸರ್ ಬಳಕೆಯ ಆಯ್ಕೆ ಚಾಲೂ ಇರಬೇಕು.

ಇಲ್ಲಿ ಒಂದು ಸಣ್ಣ ಬದಲಾವಣೆ ನನಗೆ ಬಹಳ ನೆರವಾಯಿತು. ಎಳೆಯುವಾಗ ಬ್ರಷ್‌ನ ವ್ಯಾಪ್ತಿಯನ್ನು ಫೋಟೋಶಾಪ್ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಧಾರೆಯ ಹೊತ್ತಿನ ಚಿತ್ರದಲ್ಲಿ ಕುಂಕುಮ, ಕೆಂಪು ರೇಷ್ಮೆ ಸೀರೆಯ ಅಂಚು, ಕನಕಾಂಬರ ಎಲ್ಲವೂ ಆ ಕೆಂಪಿಗೆ ಹತ್ತಿರದ ಬಣ್ಣಗಳೇ ಆದ್ದರಿಂದ ವ್ಯಾಪ್ತಿ ಎಲ್ಲಿಗೆ ಮುಗಿಯುತ್ತದೆಂದು ತಿಳಿಯುತ್ತಿರಲಿಲ್ಲ. ಪ್ರಿಫರೆನ್ಸಸ್‌ನ ಕರ್ಸರ್ಸ್ ವಿಭಾಗದಲ್ಲಿ ಅದನ್ನು ತಿಳಿನೀಲಿಗೆ ಬದಲಿಸಿದೆ. ಅದೇ ವಿಭಾಗದಲ್ಲಿ ಕರ್ಸರನ್ನು ಪೂರ್ಣ ಗಾತ್ರದ ಬ್ರಷ್ ತುದಿಯಾಗಿ ತೋರಿಸುವ ಆಯ್ಕೆಯೂ ಇದೆ. ಸಾಮಾನ್ಯ ತುದಿಯ ವೃತ್ತವು ಮೃದು ಬ್ರಷ್‌ನ ಪರಿಣಾಮ ಎದ್ದು ಕಾಣುವಷ್ಟು ಭಾಗವನ್ನು ಮಾತ್ರ ತೋರಿಸುತ್ತದೆ. ವೃತ್ತದ ಹೊರಗೂ ಬಣ್ಣ ತೆಳ್ಳಗೆ ಹರಡುತ್ತಿರುತ್ತದೆ. ಮೂಗಿನ ಪಕ್ಕದ ನೆರಳನ್ನು ತಿಳಿಯಾಗಿಸುವಾಗ ಆ ಹೊರಗಿನ ಹರಡುವಿಕೆಯೇ ಮೂಗುತಿಯ ಹೊಳಪನ್ನು ಕೆಡಿಸುವುದರಿಂದ ಪೂರ್ಣ ಗಾತ್ರದ ವೃತ್ತವೇ ನನಗೆ ಬೇಕು.

ಮೌಸ್ ಬದಲು ಪೆನ್ನಿನಿಂದ ಎಳೆಯುವ ಹಲಗೆಯಾದ ಪೆನ್ ಟ್ಯಾಬ್ಲೆಟ್ ಇಲ್ಲದೆಯೂ ಇಷ್ಟನ್ನೂ ಮಾಡಬಹುದು, ಆದರೆ ದಿನವಿಡೀ ರೀಟಚಿಂಗ್ ಮಾಡುವವರಿಗೆ ಅದನ್ನು ಕೊಳ್ಳಿರೆಂದೇ ನಾನು ಹೇಳುತ್ತೇನೆ. ನನ್ನದು ವಾಕಾಮ್‌ನ ಸಣ್ಣ ಇಂಟುಯೋಸ್; ಅದರ ಪೆನ್ ಒತ್ತಡವನ್ನು 4096 ಹಂತಗಳಲ್ಲಿ ಗುರುತಿಸುತ್ತದೆ, ಪೆನ್ನಿನ ಬದಿಯಲ್ಲಿ 2 ಗುಂಡಿಗಳೂ ಹಲಗೆಯ ಮೇಲೆ 4 ಗುಂಡಿಗಳೂ ಇವೆ. ಬದಿಯ ಕೆಳಗಿನ ಗುಂಡಿಯನ್ನು ಬಲಕ್ಲಿಕ್ ಆಗಿಯೇ ಉಳಿಸಿ, ಎಡಗೈಯಲ್ಲಿ ಆಲ್ಟ್ ಹಿಡಿದು ಗಾತ್ರ ಬದಲಿಸಲು ಬಳಸುತ್ತೇನೆ. ಮೇಲಿನ ಗುಂಡಿಗೆ ಆಲ್ಟ್ ಕೀಯನ್ನೇ ಕೊಟ್ಟಿದ್ದೇನೆ. ಒಂದು ಕಡೆಯ ಚರ್ಮವನ್ನು ಮಾದರಿಯಾಗಿ ಎತ್ತಿ ಇನ್ನೊಂದು ಕಡೆಗೆ ಹಚ್ಚುವ ಹೀಲಿಂಗ್ ಬ್ರಷ್‌ನಲ್ಲಿ, ಕ್ಲೋನ್ ಸ್ಟ್ಯಾಂಪ್‌ನಲ್ಲಿ ಆ ಮಾದರಿ ಎತ್ತಿಕೊಳ್ಳುವ ಕೆಲಸ ಇದರಿಂದ ಒಂದೇ ಕೈಯಲ್ಲಿ ಮುಗಿಯುತ್ತದೆ.

ವಿಂಡೋಸ್‌ನಲ್ಲಿ ಪೆನ್ ಬಳಸುವವರು ಒಂದು ಸಂಗತಿಯನ್ನು ಮೊದಲೇ ನೋಡಿಕೊಳ್ಳಬೇಕು. ಪೆನ್ನನ್ನು ಒತ್ತಿ ಹಿಡಿದರೆ ಬಲಕ್ಲಿಕ್ ಎಂದು ಭಾವಿಸುವ ಸೌಲಭ್ಯ ಅಲ್ಲಿದೆ. ಅದು ಚಾಲೂ ಇದ್ದಾಗ ತುದಿಯ ಸುತ್ತ ಒಂದು ಉಂಗುರ ಮೂಡುತ್ತದೆ, ಎಳೆತ ತಡವಾಗಿ ಆರಂಭವಾಗುತ್ತದೆ. ಚುಕ್ಕಿಯಷ್ಟು ಕಲೆಗೆ ಪೆನ್ ತಾಗಿಸಿ ಎತ್ತುವವರಿಗೆ ಆ ವಿಳಂಬ ಪ್ರತಿ ಸಲವೂ ತಗಲುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪೆನ್ ಅಂಡ್ ಟಚ್ ವಿಭಾಗದಲ್ಲಿ ಅದನ್ನು ನಿಲ್ಲಿಸಬಹುದು. ಟ್ಯಾಬ್ಲೆಟ್‌ನ ಸೆಟ್ಟಿಂಗ್‌ನಲ್ಲಿ ವಿಂಡೋಸ್‌ನ ಪೆನ್ ವ್ಯವಸ್ಥೆಯಾದ ವಿಂಡೋಸ್ ಇಂಕ್ ಅನ್ನೇ ತೆಗೆದುಹಾಕಿದರೆ ಫೋಟೋಶಾಪ್‌ನಲ್ಲಿ ಒತ್ತಡ ಕೆಲಸ ಮಾಡುವುದು ನಿಲ್ಲಬಹುದು. ಆಗ ಫೋಟೋಶಾಪ್‌ನ ಸೆಟ್ಟಿಂಗ್ಸ್ ಫೋಲ್ಡರಿನಲ್ಲಿ ಪಿಎಸ್‌ಯೂಸರ್‌ಕಾನ್ಫಿಗ್ ಎಂಬ ಪಠ್ಯ ಕಡತವನ್ನು ರಚಿಸಿ, ಯೂಸ್‌ಸಿಸ್ಟಂಸ್ಟೈಲಸ್ ಎಂಬ ಪದದ ಮುಂದೆ 0 ಬರೆದು ಉಳಿಸಿ, ಫೋಟೋಶಾಪನ್ನು ಮತ್ತೆ ತೆರೆಯಬೇಕು. ನಾನು ಈ ಎರಡನೆಯ ವಿಧಾನದಲ್ಲಿಯೇ ಕೆಲಸ ಮಾಡುತ್ತಿದ್ದೇನೆ.

ಇನ್ನು ಓಪಾಸಿಟಿ ಮತ್ತು ಫ್ಲೋ. ರೀಟಚಿಂಗ್ ಕಲಿಯಲು ಬರುವ ಹುಡುಗರು ಹೆಚ್ಚು ಗೊಂದಲಕ್ಕೆ ಒಳಗಾಗುವುದು ಇಲ್ಲಿಯೇ, ಮತ್ತು ವೇಗದ ಬಹುಪಾಲು ಅಡಗಿರುವುದೂ ಇಲ್ಲಿಯೇ. ಓಪಾಸಿಟಿ ಎಂದರೆ ಪೆನ್ ಎತ್ತದೆ ಎಳೆದ ಒಂದು ಎಳೆತಕ್ಕೆ ಹಾಕಿದ ಮೇಲ್ಮಿತಿ: 5 ಶೇಕಡಾಕ್ಕೆ ನಿಗದಿಪಡಿಸಿದರೆ ಅದೇ ಜಾಗದ ಮೇಲೆ ಎಷ್ಟು ಉಜ್ಜಿದರೂ ಪೆನ್ ಎತ್ತುವವರೆಗೆ 5 ಶೇಕಡಾವನ್ನು ದಾಟುವುದಿಲ್ಲ. ಫ್ಲೋ ಎಂದರೆ ಬ್ರಷ್ ಚಲಿಸುತ್ತ ಇಡುವ ಪ್ರತಿಯೊಂದು ಮುದ್ರೆಯಲ್ಲಿ ಇಳಿಯುವ ಬಣ್ಣದ ಪ್ರಮಾಣ. ಮುದ್ರೆಗಳು ಒಂದರ ಮೇಲೊಂದು ಬಿದ್ದಂತೆಲ್ಲ ಅದು ಕೂಡುತ್ತ ಹೋಗುತ್ತದೆ. ಕೆನ್ನೆಯ ಮೇಲಿನ ಕಪ್ಪು ಛಾಯೆಯನ್ನು ತಿಳಿಯಾಗಿಸಲು ಓಪಾಸಿಟಿಯನ್ನು ಕಡಿಮೆ ಮಾಡಿ ಬಳಸಿದರೆ ಎರಡು ಎಳೆತಗಳು ಸೇರಿದ ಕಡೆ ಗೆರೆ ಮೂಡುತ್ತದೆ, ಆ ಗೆರೆಯನ್ನು ಅಳಿಸಲು ಮತ್ತೆ ಕೆಲಸ. ಓಪಾಸಿಟಿಯನ್ನು 100ರಲ್ಲಿಯೇ ಬಿಟ್ಟು ಫ್ಲೋವನ್ನು 2ರಿಂದ 4 ಶೇಕಡಾದೊಳಗೆ ಇರಿಸಿದರೆ ಪೆನ್ ಎತ್ತದೆಯೇ ಸ್ವಲ್ಪ ಸ್ವಲ್ಪವಾಗಿ ಬೆಳಕನ್ನು ಸೇರಿಸುತ್ತ, ಸಾಕೆನಿಸಿದ ಕಡೆ ನಿಲ್ಲಿಸಬಹುದು. ನಾನು ಒಂದು ಕರ್ವ್ಸ್ ಲೇಯರ್‌ನಲ್ಲಿ (ಬೆಳಕನ್ನು ಹೊಂದಿಸುವ ಪದರದಲ್ಲಿ) ಚಿತ್ರವನ್ನು ತಿಳಿಗೊಳಿಸಿ, ಇನ್ನೊಂದರಲ್ಲಿ ಗಾಢಗೊಳಿಸಿ, ಪರಿಣಾಮ ಎಲ್ಲಿ ಕಾಣಬೇಕೆಂದು ತಡೆದಿಡುವ ಮಾಸ್ಕನ್ನು ಎರಡರಲ್ಲೂ ಕಪ್ಪಾಗಿಸಿಕೊಂಡು, ಬಿಳಿಯ ಬ್ರಷ್‌ನಿಂದ ಹೀಗೆ ತಿದ್ದುತ್ತೇನೆ. ಹೆಚ್ಚಾಯಿತೆನಿಸಿದರೆ ಎಕ್ಸ್ ಒತ್ತಿ ಕಪ್ಪಿಗೆ ಬದಲಿಸಿ ಅಷ್ಟನ್ನೇ ಹಿಂದಕ್ಕೆ ಪಡೆಯುತ್ತೇನೆ.

ಅಂಕಿಯ ಕೀ ಒತ್ತಿದರೆ ಓಪಾಸಿಟಿ, ಶಿಫ್ಟ್ ಜೊತೆ ಒತ್ತಿದರೆ ಫ್ಲೋ ಬದಲಾಗುತ್ತದೆ. 3 ಎಂದರೆ 30 ಶೇಕಡಾ. 3 ಶೇಕಡಾ ಬೇಕಿದ್ದರೆ 0 ಮತ್ತು 3ನ್ನು ಬೇಗ ಒಂದರ ಹಿಂದೊಂದು ಒತ್ತಬೇಕು. ಒತ್ತಿ ಹಿಡಿದಷ್ಟು ಹೊತ್ತು ಬಣ್ಣ ಸೇರಿಸುತ್ತಲೇ ಇರುವ ಏರ್‌ಬ್ರಷ್ ಗುಂಡಿ ಚಾಲೂ ಇದ್ದರೆ ಇದು ತಿರುಗುಮುರುಗಾಗಿ, ಬರಿಯ ಅಂಕಿ ಫ್ಲೋವನ್ನು ಬದಲಿಸುತ್ತದೆ. ಸಹಾಯಕರು ಬಂದು ಅಂಕಿ ಒತ್ತಿದರೂ ಓಪಾಸಿಟಿ ಅಲ್ಲಾಡುತ್ತಿಲ್ಲ ಎಂದಾಗ ನಾನು ಮೊದಲು ನೋಡುವುದು ಆ ಗುಂಡಿಯನ್ನೇ. ಇದರೊಂದಿಗೆ ಸ್ಪೇಸಿಂಗ್ ಎಂಬುದನ್ನೂ ಗಮನಿಸಬೇಕು. ಮುದ್ರೆಗಳ ನಡುವಿನ ಅಂತರವನ್ನು 25ರಿಂದ 5 ಶೇಕಡಾಕ್ಕೆ ಇಳಿಸಿದರೆ ಅದೇ ದೂರದಲ್ಲಿ ಐದು ಪಟ್ಟು ಮುದ್ರೆಗಳು ಬೀಳುವುದರಿಂದ ಫ್ಲೋ ಅಷ್ಟೇ ಇದ್ದರೂ ಬಣ್ಣ ಬಹು ಬೇಗ ಏರುತ್ತದೆ. ಆದ್ದರಿಂದ ಸ್ಪೇಸಿಂಗನ್ನು ಒಮ್ಮೆ ನಿಗದಿಪಡಿಸಿದ ಮೇಲೆ ಮುಟ್ಟಬಾರದು. ಅದು ಬದಲಾದರೆ ಕೈಗೆ ಅಭ್ಯಾಸವಾದ ಫ್ಲೋ ಅಂಕಿಗಳೆಲ್ಲ ನಿರುಪಯೋಗಿಯಾಗುತ್ತವೆ. 2018ರ ಆವೃತ್ತಿಯಿಂದ ಬಂದಿರುವ ಸ್ಮೂತಿಂಗ್ ಆಯ್ಕೆಯನ್ನು ಚರ್ಮದ ಕೆಲಸದಲ್ಲಿ 0 ಮಾಡಿಟ್ಟಿದ್ದೇನೆ, ಏಕೆಂದರೆ ಗೆರೆಯನ್ನು ನಯಗೊಳಿಸುವ ಆ ಲೆಕ್ಕಾಚಾರದಿಂದ ಬ್ರಷ್ ಕೈಯ ಹಿಂದೆ ಉಳಿಯುತ್ತದೆ.

ಪೆನ್ನಿನ ಒತ್ತಡ ಯಾವುದನ್ನು ಬದಲಿಸಬೇಕು ಎಂಬುದು ಕೆಲಸದಿಂದ ಕೆಲಸಕ್ಕೆ ಬೇರೆ. ನೆರಳು ಬೆಳಕಿನ ಬ್ರಷ್‌ನಲ್ಲಿ ಒತ್ತಡಕ್ಕೆ ಓಪಾಸಿಟಿಯನ್ನು ಮಾತ್ರ ಜೋಡಿಸಿ ಗಾತ್ರವನ್ನು ಸ್ಥಿರವಾಗಿಟ್ಟಿದ್ದೇನೆ. ಹಣೆಯ ಮೇಲೆ ಬಿದ್ದ ಕೂದಲೆಳೆಯನ್ನು ತೆಗೆಯುವ ಕ್ಲೋನ್ ಸ್ಟ್ಯಾಂಪ್‌ನಲ್ಲಿ ಮಾತ್ರ ಗಾತ್ರವೂ ಒತ್ತಡವನ್ನು ಅನುಸರಿಸುತ್ತದೆ, ಏಕೆಂದರೆ ಎಳೆಯ ತುದಿ ಸಣ್ಣದಾಗುತ್ತ ಹೋದಂತೆ ಕೈಯನ್ನು ಸಡಿಲಿಸಿದರೆ ಸಾಕಾಗುತ್ತದೆ. ಮೇಲಿನ ಪಟ್ಟಿಯಲ್ಲಿರುವ ಒತ್ತಡದ ಎರಡು ಗುಂಡಿಗಳು ಬ್ರಷ್ ಸೆಟ್ಟಿಂಗ್ಸ್ ಫಲಕದಲ್ಲಿ ನಾವು ಹೊಂದಿಸಿದ್ದನ್ನು ಮೀರಿ ನಡೆಯುತ್ತವೆ ಎಂಬುದನ್ನು ತಿಳಿದಿರಬೇಕು. ನಾನು ಅವನ್ನು ಆಫ್ ಮಾಡಿಯೇ ಇಟ್ಟು, ನಿರ್ಧಾರವನ್ನು ಆಯಾ ಬ್ರಷ್‌ಗೆ ಬಿಟ್ಟಿದ್ದೇನೆ.

ಹೀಗೆ ಹೊಂದಿಸಿದ ಬ್ರಷ್‌ಗಳನ್ನು ಟೂಲ್ ಪ್ರಿಸೆಟ್‌ಗಳಾಗಿ, ಅಂದರೆ ಎಲ್ಲ ಹೊಂದಾಣಿಕೆಯೊಂದಿಗೆ ಮತ್ತೆ ಕರೆಯಬಹುದಾದ ಉಪಕರಣಗಳಾಗಿ, ಉಳಿಸಿದೆ. ನೂರಾರು ಬ್ರಷ್‌ಗಳ ಕಂತೆಯನ್ನು ತಂದು ತುಂಬಿಕೊಳ್ಳುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಬಹಳ ಇದೆ. ಚರ್ಮ ತಿದ್ದುವವನಿಗೆ ಅವುಗಳಿಂದ ಪ್ರಯೋಜನ ಕಡಿಮೆ. ನನ್ನ ಪಟ್ಟಿಯಲ್ಲಿ ನೆರಳು ಬೆಳಕಿನದು, ಕಲೆಯದು, ಕೂದಲೆಳೆಯದು, ಬೆವರಿನ ಹೊಳಪಿನದು, ಮಾಸ್ಕ್‌ನ ಅಂಚಿನದು ಎಂದು ಐದೇ ಇವೆ. ಪ್ರತಿಯೊಂದು ಪ್ರಿಸೆಟ್ ಆಯ್ಕೆಯನ್ನೂ ಒಂದೊಂದು ಆಕ್ಷನ್ (ಒಂದೇ ಕೀಗೆ ಮರುಕಳಿಸುವ ಹಂತಗಳ ದಾಖಲೆ) ಆಗಿ ರೆಕಾರ್ಡ್ ಮಾಡಿ, ಎಫ್2ರಿಂದ ಎಫ್6ರವರೆಗಿನ ಕೀಗಳಿಗೆ ಕೊಟ್ಟಿದ್ದೇನೆ. ಒಂದು ಕೀ ಒತ್ತಿದರೆ ಉಪಕರಣ, ಗಾತ್ರ, ಫ್ಲೋ, ಮೋಡ್ ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಸ್ಪಾಟ್ ಹೀಲಿಂಗ್ ಮತ್ತು ಹೀಲಿಂಗ್ ಬ್ರಷ್ ಎರಡೂ ಜೆ ಅಕ್ಷರವನ್ನು ಹಂಚಿಕೊಳ್ಳುವುದರಿಂದ, ಕೀಬೋರ್ಡ್ ಶಾರ್ಟ್‌ಕಟ್‌ಗಳ ಪಟ್ಟಿಯಲ್ಲಿ ಹೀಲಿಂಗ್ ಬ್ರಷ್‌ಗೆ ನಾನು ಬಳಸದ ಬೇರೊಂದು ಅಕ್ಷರವನ್ನು ಕೊಟ್ಟೆ. ಉಪಕರಣದ ಅಕ್ಷರವನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಅದು ಬಂದು, ಬಿಟ್ಟೊಡನೆ ಹಿಂದಿನದಕ್ಕೆ ಮರಳುವ ಸೌಲಭ್ಯವನ್ನೂ ರೂಢಿಸಿಕೊಳ್ಳುವುದು ಒಳ್ಳೆಯದು.

ಬೆವರಿನ ಹೊಳಪಿನ ಬ್ರಷ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೋಮದ ಹೊಗೆ, ವಿಡಿಯೋದವರ ದೀಪ ಎರಡೂ ಸೇರಿದ ಮಂಟಪದ ಚಿತ್ರಗಳಲ್ಲಿ ಹೆಚ್ಚಿನ ಕೆಲಸ ಅದರದೇ. ಬಾಸಿಂಗದ ಕೆಳಗೆ, ಕುಂಕುಮದ ಎರಡೂ ಪಕ್ಕ, ಮೂಗಿನ ತುದಿಯಲ್ಲಿ ಬಿಳಿಯ ಪಟ್ಟಿಗಳು ಮೂಡಿರುತ್ತವೆ. ಇಲ್ಲಿ ಹೀಲಿಂಗ್ ಬ್ರಷ್ ಬಳಸಿದರೆ ಅದು ಸುತ್ತಲಿನ ಬಣ್ಣವನ್ನು ಬೆರೆಸಿಕೊಳ್ಳುವುದರಿಂದ ಕುಂಕುಮದ ಕೆಂಪು ಚರ್ಮದೊಳಗೆ ಸೋರಿ ಬರುತ್ತದೆ. ನಾನು ಕ್ಲೋನ್ ಸ್ಟ್ಯಾಂಪನ್ನು ಖಾಲಿ ಲೇಯರ್ ಮೇಲೆ, ಈ ಲೇಯರ್ ಮತ್ತು ಕೆಳಗಿನವುಗಳಿಂದ ಮಾದರಿ ಎತ್ತುವಂತೆ ಹೊಂದಿಸಿ, ಮೋಡನ್ನು ಡಾರ್ಕನ್ ಎಂದಿಟ್ಟು, ಓಪಾಸಿಟಿಯನ್ನು 20ರಿಂದ 30ರ ನಡುವೆ ಇರಿಸುತ್ತೇನೆ. ಹೊಳಪಿಲ್ಲದ ಪಕ್ಕದ ಚರ್ಮದಿಂದ ಮಾದರಿ ಎತ್ತಿ ಪಟ್ಟಿಯ ಮೇಲೆ ಎಳೆದರೆ ಮಾದರಿಗಿಂತ ಬಿಳುಪಾದ ಬಿಂದುಗಳು ಮಾತ್ರ ತಗ್ಗುತ್ತವೆ, ಅದಕ್ಕಿಂತ ಗಾಢವಾದ ರಂಧ್ರಗಳೂ ಹುಬ್ಬಿನ ಕೂದಲೂ ಇದ್ದ ಹಾಗೆಯೇ ಉಳಿಯುತ್ತವೆ. ಹೊಳಪನ್ನು ಪೂರ್ತಿ ಅಳಿಸಬಾರದು; ಹಣೆಯ ದುಂಡುತನ ತಿಳಿಯುವುದೇ ಅದರಿಂದ. ಬ್ರಷ್ ಕೈಯಲ್ಲಿರುವಾಗ ಶಿಫ್ಟ್, ಆಲ್ಟ್ ಎರಡನ್ನೂ ಹಿಡಿದು ಕೆ ಒತ್ತಿದರೆ ಡಾರ್ಕನ್, ಜಿ ಒತ್ತಿದರೆ ಲೈಟನ್, ಎನ್ ಒತ್ತಿದರೆ ನಾರ್ಮಲ್ ಬರುವುದರಿಂದ ಈ ಬದಲಾವಣೆಗೂ ಮೇಲಿನ ಪಟ್ಟಿಗೆ ಹೋಗಬೇಕಾಗಿಲ್ಲ.

ಝೂಮ್ ಅನ್ನು ಬ್ರಷ್‌ನ ಭಾಗವೆಂದೇ ನಾನು ಎಣಿಸುತ್ತೇನೆ. ಬ್ರಷ್‌ನ ಗಾತ್ರ ಚಿತ್ರದ ಪಿಕ್ಸೆಲ್‌ಗಳಲ್ಲಿ ಅಳೆಯಲ್ಪಡುವುದರಿಂದ, ಝೂಮ್ ಬದಲಾದಾಗಲೆಲ್ಲ ತೆರೆಯ ಮೇಲಿನ ಅದರ ಅಳತೆಯೂ ಬದಲಾಗಿ ಕೈಯ ಅಂದಾಜು ತಪ್ಪುತ್ತದೆ. ಒಂದೇ ಮುಖವಿರುವ ಚಿತ್ರಕ್ಕೆ 100 ಶೇಕಡಾ, ಇಬ್ಬರು ಮೂವರಿದ್ದರೆ 50 ಶೇಕಡಾ ಎಂದು ಎರಡೇ ಹಂತಗಳಲ್ಲಿ ಕೆಲಸ ಮಾಡುತ್ತೇನೆ. 12 ಇಂಚು ಎತ್ತರ 36 ಇಂಚು ಅಗಲದ ಆಲ್ಬಮ್ ಹಾಳೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 3600ಕ್ಕೆ 10800 ಪಿಕ್ಸೆಲ್ ಆಗುತ್ತದೆ. ಇಂಚಿಗೆ ಸುಮಾರು 100 ಪಿಕ್ಸೆಲ್ ಇರುವ ಸಾಮಾನ್ಯ ಮಾನಿಟರ್‌ನಲ್ಲಿ ಅದನ್ನು 33 ಶೇಕಡಾದಲ್ಲಿ ನೋಡಿದರೆ ಹೆಚ್ಚುಕಡಿಮೆ ಮುದ್ರಣದ ಅಳತೆಗೇ ಕಾಣುತ್ತದೆ. ಬಂಧುಗಳ ಗುಂಪಿನ ಚಿತ್ರದಲ್ಲಿ ಆ ಅಳತೆಗೆ ಕಾಣದ ಕಲೆಯನ್ನು ನಾನು ತೆಗೆಯುವುದಿಲ್ಲ.

ಕನ್ನಡದಲ್ಲಿ ವಧೂವರರ ಹೆಸರು ಬರೆಯುವ ನಮ್ಮಂಥವರಿಗೆ ಇನ್ನೊಂದು ತೊಡಕಿದೆ. ಕನ್ನಡ ಟೈಪಿಂಗ್ ಚಾಲೂ ಇರುವಾಗ ಚೌಕಾವರಣ, ಅಕ್ಷರಗಳ ಶಾರ್ಟ್‌ಕಟ್‌ಗಳು ಕೆಲಸ ಮಾಡುವುದಿಲ್ಲ. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಎಡ ಚೌಕಾವರಣದ ಕೀ ಇರುವ ಜಾಗದಲ್ಲಿ ಡಕಾರವಿದೆ. ಹೆಸರುಗಳನ್ನೆಲ್ಲ ಬೇರೆ ಕಡತದಲ್ಲಿ ಟೈಪ್ ಮಾಡಿ ಆಲ್ಬಮ್ ವಿನ್ಯಾಸದ ಹೊತ್ತಿಗೆ ಅಂಟಿಸುತ್ತೇನೆ. ಪ್ರತಿ ಕಿಟಕಿಗೂ ಬೇರೆ ಭಾಷೆಯನ್ನು ನೆನಪಿಟ್ಟುಕೊಳ್ಳುವ ಆಯ್ಕೆ ವಿಂಡೋಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿದೆ. ಅದನ್ನು ಚಾಲೂ ಮಾಡಿದರೆ ಫೋಟೋಶಾಪ್ ಇಂಗ್ಲಿಷ್‌ನಲ್ಲಿಯೇ ಉಳಿಯುತ್ತದೆ.

ಚಿತ್ರ ತಿದ್ದುವ ಉಚಿತ ತಂತ್ರಾಂಶವಾದ ಗಿಂಪ್ ಬಳಸುವ ಗೆಳೆಯರೂ ಇದರಲ್ಲಿ ಬಹಳಷ್ಟನ್ನು ಮಾಡಿಕೊಳ್ಳಬಹುದು. ಅಲ್ಲಿಯೂ ಚೌಕಾವರಣಗಳು ಗಾತ್ರವನ್ನೇ ಬದಲಿಸುತ್ತವೆ, ಪ್ರಿಫರೆನ್ಸಸ್‌ನಲ್ಲಿ ಮೌಸ್‌ನ ಚಕ್ರಕ್ಕೂ ಬ್ರಷ್ ಗಾತ್ರವನ್ನು ಜೋಡಿಸಬಹುದು, ಒತ್ತಡದ ಹೊಂದಾಣಿಕೆ ಡೈನಮಿಕ್ಸ್ ಎಂಬ ಫಲಕದಲ್ಲಿದೆ.

ಎಲ್ಲವೂ ಕೈಗೆ ಒಗ್ಗಿದ ಮೇಲೆ ಶಾರ್ಟ್‌ಕಟ್‌ಗಳ ಕಡತ, ಟೂಲ್ ಪ್ರಿಸೆಟ್‌ಗಳು, ಆಕ್ಷನ್‌ಗಳು, ಟ್ಯಾಬ್ಲೆಟ್‌ನ ಸೆಟ್ಟಿಂಗ್ ಇವಿಷ್ಟನ್ನೂ ಒಂದು ಪೆನ್‌ಡ್ರೈವ್‌ಗೆ ಉಳಿಸಿಕೊಂಡೆ. ಸ್ಟುಡಿಯೋದ ಇನ್ನೊಂದು ಕಂಪ್ಯೂಟರ್‌ಗೂ ಅದನ್ನೇ ಹಾಕಿರುವುದರಿಂದ ನಾನು ಅರ್ಧಕ್ಕೆ ಬಿಟ್ಟ ಚಿತ್ರವನ್ನು ಸಹಾಯಕರು ಅದೇ ಎಫ್ ಕೀಗಳಿಂದ, ಅದೇ ಫ್ಲೋದಲ್ಲಿ ಮುಂದುವರಿಸುತ್ತಾರೆ. ಹೊಸಬರಿಗೆ ಮೊದಲು ನೆರಳು ಬೆಳಕಿನ ಬ್ರಷ್ ಒಂದನ್ನೇ ಕೊಟ್ಟು, ಅದರ ಫ್ಲೋ ಕೈಗೆ ಹತ್ತಿದ ಮೇಲೆ ಉಳಿದವನ್ನು ಒಂದೊಂದಾಗಿ ಕಲಿಸುತ್ತಿದ್ದೇನೆ.