ಬಿಡಿ ಸಿಗರೇಟಿನ ಇಡೀ ಲೆಕ್ಕ ಹಾಕುವುದು ಹೇಗೆ?

ಪೆಟ್ಟಿಗೆ ಅಂಗಡಿಯಲ್ಲಿ ಇಪ್ಪತ್ತರ ನೋಟು ಕೊಟ್ಟರೆ ಒಂದು ಸಿಗರೇಟು, ಚಿಲ್ಲರೆಯ ಬದಲಿಗೆ ಎರಡು ಪೆಪ್ಪರ್‌ಮಿಂಟು. ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಬಿಡಿಯಾಗಿ ಕೊಳ್ಳುವವರಿಗೆ ತಿಂಗಳಿಗೆ ಎಷ್ಟು ಸುಟ್ಟೆವೆಂದು ತಿಳಿಯುವುದೇ ಇಲ್ಲ. (ಕರ್ನಾಟಕದಲ್ಲಿ ಬಿಡಿ ಮಾರಾಟಕ್ಕೆ 2025ರಿಂದಲೇ ನಿಷೇಧವಿದೆ. ಅಂಗಡಿಯವರಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.)

ಮೊದಲು ಒಂದು ವಾರ, ಹಾಲಿನ ಲೆಕ್ಕ ಬರೆಯುವಂತೆ, ಕ್ಯಾಲೆಂಡರಿನ ಮೇಲೆ ಗೀಟು ಎಳೆಯಿರಿ. ಊಟದ ನಂತರವೋ, ಚಹಾದ ಜೊತೆಗೋ, ಮೇಲಧಿಕಾರಿ ಬೈದ ಮೇಲೋ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಸಿಗರೇಟು ಬಿಡುವ ದಿನ ಎಲ್ಲಿ ಎಡವುತ್ತೀರಿ ಎಂದು ಈ ಟಿಪ್ಪಣಿಯೇ ಹೇಳುತ್ತದೆ.

ಆಮೇಲೆ ಗುಣಿಸಿ. ಒಂದಕ್ಕೆ 20 ರೂಪಾಯಿಯಂತೆ ದಿನಕ್ಕೆ ಆರಾದರೆ ವರ್ಷಕ್ಕೆ 43,800 ರೂಪಾಯಿ. ಜೊತೆಗಿನ ಚಹಾ ಬೇರೆ. ಜೀವವಿಮೆಯ ಅರ್ಜಿಯಲ್ಲಿ ತಂಬಾಕಿನ ಪ್ರಶ್ನೆಗೆ ‘ಹೌದು’ ಎಂದರೆ ಕಂತು ಏರುತ್ತದೆ, ಅದನ್ನೂ ಸೇರಿಸಿ. ಆಸ್ಪತ್ರೆಯ ಖರ್ಚನ್ನು ಮಾತ್ರ ಮುಂಚಿತವಾಗಿ ಬರೆಯಲಾಗದು. ಆದರೆ ದೇಶದ ಲೆಕ್ಕ ಸಿಕ್ಕಿದೆ: 2017-18ರಲ್ಲಿ ತಂಬಾಕಿನ ಕಾಯಿಲೆ, ಅಕಾಲಿಕ ಸಾವುಗಳಿಂದ ಭಾರತಕ್ಕಾದ ನಷ್ಟ ಸುಮಾರು 1.77 ಲಕ್ಷ ಕೋಟಿ ರೂಪಾಯಿ. ಅದೂ 35 ದಾಟಿದವರದು ಮಾತ್ರ. ತಂಬಾಕಿನಿಂದ ಸರ್ಕಾರಕ್ಕೆ ವರಮಾನ ಬರುತ್ತದಲ್ಲ ಎನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಮುಂದಿನದು ತೆರಿಗೆ. ಸಿಗರೇಟಿನ ಮೇಲೆ ಈಗ ಶೇ 40 ಜಿಎಸ್‌ಟಿ, ಮೇಲೆ ಅಬಕಾರಿ ಸುಂಕ. ಸುಂಕವನ್ನು ಉದ್ದ ನೋಡಿ ಹಾಕುವುದರಿಂದ ಗಿಡ್ಡ ಸಿಗರೇಟಿಗೆ ಕಡಿಮೆ. ಬೀಡಿಗೆ ಶೇ 18 ಜಿಎಸ್‌ಟಿ ಅಷ್ಟೇ. ಬೀಡಿಯ ತೆರಿಗೆ ಏರಿಸಬಾರದು ಎನ್ನಲು ದಕ್ಷಿಣ ಕನ್ನಡದಂಥ ಕಡೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರ ಹೆಸರು ಪ್ರತಿಸಲ ಕೇಳಿಬರುತ್ತದೆ. ಶ್ವಾಸಕೋಶಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಆದ್ದರಿಂದ ಬೆಲೆ ಏರಿದ ದಿನ ಗಿಡ್ಡದಕ್ಕೋ ಬೀಡಿಗೋ ಇಳಿಯಬೇಡಿ. ಅದೇ ದಿನವನ್ನು ಬಿಡುವ ದಿನವೆಂದು ಗುರುತು ಹಾಕಿಕೊಳ್ಳಿ.

‘ದಿನಕ್ಕೆ ಒಂದೇ’ ಎಂಬ ರಾಜಿಯೂ ಬೇಡ. ಇಪ್ಪತ್ತು ಸೇದುವವರಿಗೆ ಹೆಚ್ಚುವ ಹೃದ್ರೋಗದ ಅಪಾಯದಲ್ಲಿ ಅರ್ಧದಷ್ಟು ಆ ಒಂದರಿಂದಲೇ ಬರುತ್ತದೆ.

ಬಿಡಲು ನೆರವು ಬೇಕಾದರೆ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ಉಚಿತ. ಸಂಖ್ಯೆ ಪ್ಯಾಕಿನ ಮೇಲೆಯೇ ಅಚ್ಚಾಗಿರುತ್ತದೆ. ಬಿಡಿಯಾಗಿ ಕೊಳ್ಳುವವರ ಕೈಗೆ ಪ್ಯಾಕು ಬರುವುದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.