ಅಮೆರಿಕದ ನರ್ಸಿಂಗ್ ಹೋಮ್‌ನಲ್ಲಿ ನರ್ಸ್‌ಗಳ ಲೆಕ್ಕ ಹಾಕುವುದು ಹೇಗೆ

ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ಏಳಲು, ಉಣ್ಣಲು, ಮೀಯಲು ನೆರವು ಬೇಕಾದವರು ವರ್ಷಗಟ್ಟಲೆ ಉಳಿಯುವ ಜಾಗ. ಮನೆಯ ಹಿರಿಯರು ಅಲ್ಲಿದ್ದರೆ, ಅಥವಾ ಅಲ್ಲಿ ಶಿಫ್ಟ್ ಪಟ್ಟಿ ಹಾಕುವವರು ನೀವೇ ಆಗಿದ್ದರೆ, ಈ ಲೆಕ್ಕ ಗೊತ್ತಿರಬೇಕು.

ಮೊದಲು ಹಳೆಯ ಅಂಕಿಯನ್ನು ಬದಿಗಿಡಿ. ಹಿರಿಯರ, ಬಡವರ ಸರ್ಕಾರಿ ಆರೋಗ್ಯ ವಿಮೆಗಳಾದ ಮೆಡಿಕೇರ್, ಮೆಡಿಕೈಡ್ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಸಿಎಂಎಸ್ 2024ರ ಮೇ ತಿಂಗಳಲ್ಲಿ ಒಬ್ಬ ನಿವಾಸಿಗೆ ದಿನಕ್ಕೆ 3.48 ಗಂಟೆ ಆರೈಕೆ ಎಂದು ನಿಗದಿ ಮಾಡಿತ್ತು. ಅದರಲ್ಲಿ ಆರ್‌ಎನ್‌ಗಳದು, ಅಂದರೆ ಹೆಚ್ಚು ಓದಿದ ರಿಜಿಸ್ಟರ್ಡ್ ನರ್ಸ್‌ಗಳದು, ಕನಿಷ್ಠ 0.55, ಸಹಾಯಕರದು ಕನಿಷ್ಠ 2.45. ಈ ಅಂಕಿ ಈಗಲೂ ಅಲ್ಲಲ್ಲಿ ಓಡಾಡುತ್ತಿದೆ, ಆದರೆ ಜಾರಿಯಲ್ಲಿಲ್ಲ. 2025ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅದೇ ಜುಲೈನಲ್ಲಿ ಬಂದ ಕಾಯ್ದೆ 2034ರ ಸೆಪ್ಟೆಂಬರ್‌ವರೆಗೆ ಜಾರಿಗೇ ತಡೆ ಹಾಕಿತು.

ಉಳಿದಿರುವುದು ಹಳೆಯ ಕೇಂದ್ರ ನಿಯಮ: ವಾರದ ಏಳೂ ದಿನ, ದಿನಕ್ಕೆ ಸತತ 8 ಗಂಟೆ ಒಬ್ಬ ಆರ್‌ಎನ್, 24 ಗಂಟೆಯೂ ಪರವಾನಗಿ ಇರುವ ಒಬ್ಬ ನರ್ಸ್, ಅಂದರೆ ಆರ್‌ಎನ್ ಅಥವಾ ಎಲ್‌ಪಿಎನ್ (ಕಡಿಮೆ ಅವಧಿ ಓದಿದ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್), ಜೊತೆಗೆ ಪೂರ್ಣಾವಧಿಯ ನರ್ಸಿಂಗ್ ನಿರ್ದೇಶಕಿ. ಸರಾಸರಿ 60 ಅಥವಾ ಅದಕ್ಕಿಂತ ಕಡಿಮೆ ನಿವಾಸಿಗಳಿದ್ದರೆ ಮಾತ್ರ ಈ ನಿರ್ದೇಶಕಿ ಶಿಫ್ಟ್‌ನ ಹೊಣೆ ಹೊರುವ ಚಾರ್ಜ್ ನರ್ಸ್ ಆಗಿಯೂ ನಿಲ್ಲಬಹುದು. ಇದು ತೀರಾ ಕೆಳಮಟ್ಟದ ಮಿತಿ. ಒಬ್ಬ ನಿವಾಸಿಗೆ ದಿನಕ್ಕೆ ಎಷ್ಟು ಗಂಟೆ ಎಂಬ ಲೆಕ್ಕ ಬೇಕಾದರೆ ರಾಜ್ಯದ ಕಾನೂನು ನೋಡಬೇಕು: ಕ್ಯಾಲಿಫೋರ್ನಿಯಾದಲ್ಲಿ 3.5, ಅದರಲ್ಲಿ ಸಿಎನ್‌ಎ ಎಂಬ ಪ್ರಮಾಣಪತ್ರ ಪಡೆದ ಸಹಾಯಕರದು 2.4. ನ್ಯೂಯಾರ್ಕ್‌ನಲ್ಲೂ 3.5, ಅದರಲ್ಲಿ ಸಹಾಯಕರದು ಕನಿಷ್ಠ 2.2, ಪರವಾನಗಿ ಇರುವ ನರ್ಸ್‌ಗಳದು 1.1.

ಈಗ ಲೆಕ್ಕ. ಪ್ರತಿ ನರ್ಸಿಂಗ್ ಹೋಮ್ ದಿನವೂ ಎಲ್ಲರಿಗೂ ಕಾಣುವ ಕಡೆ ಒಂದು ಹಾಳೆ ಅಂಟಿಸಲೇಬೇಕು. ಅದರಲ್ಲಿ ಅಂದಿನ ನಿವಾಸಿಗಳ ಸಂಖ್ಯೆಯೂ ಶಿಫ್ಟ್‌ವಾರು ಆರ್‌ಎನ್, ಎಲ್‌ಪಿಎನ್, ಸಿಎನ್‌ಎಗಳ ಸಂಖ್ಯೆ ಮತ್ತು ಗಂಟೆಗಳೂ ಇರುತ್ತವೆ. ಮೂರೂ ಶಿಫ್ಟ್‌ನ ಗಂಟೆ ಕೂಡಿಸಿ ನಿವಾಸಿಗಳ ಸಂಖ್ಯೆಯಿಂದ ಭಾಗಿಸಿ, ಅಷ್ಟೇ. 90 ನಿವಾಸಿಗಳಿದ್ದು, ಇಡೀ ದಿನಕ್ಕೆ 4 ಆರ್‌ಎನ್, 8 ಎಲ್‌ಪಿಎನ್, 22 ಸಿಎನ್‌ಎ ಶಿಫ್ಟ್‌ಗಳಿವೆ ಎನ್ನಿ. 34 ಶಿಫ್ಟ್, ತಲಾ 8 ಗಂಟೆ, ಒಟ್ಟು 272. ಭಾಗಿಸಿದರೆ 3.02.

ಎಡವುವುದು ಇಲ್ಲೇ. ಸಿಎಂಎಸ್‌ಗೆ ಮೂರು ತಿಂಗಳಿಗೊಮ್ಮೆ ಕಳಿಸುವ ಪಿಬಿಜೆ ವೇತನ ದಾಖಲೆಯಲ್ಲಿ, ಸಂಬಳ ಕೊಟ್ಟರೂ ಕೊಡದಿದ್ದರೂ 8 ಗಂಟೆಯ ಶಿಫ್ಟ್‌ಗೆ ಅರ್ಧ ಗಂಟೆ ಊಟದ ಬಿಡುವು ಕಳೆಯಬೇಕು. ಆಗ 255 ಗಂಟೆ, ಅಂದರೆ 2.83. ಪಟ್ಟಿ ಒಂದೇ, ಅಂಕಿ ಎರಡು! ಕುಟುಂಬದವರು ತಾವೇ ದುಡ್ಡು ಕೊಟ್ಟು ಇಟ್ಟುಕೊಂಡ ನರ್ಸ್, ಕೊನೆಗಾಲದ ಆರೈಕೆ ನೀಡುವ ಹಾಸ್‌ಪೈಸ್‌ನಿಂದ ಬರುವವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಏಜೆನ್ಸಿಯಿಂದ ಬಂದವರು ಸೇರುತ್ತಾರೆ. ಹೆಚ್ಚಾಗಿ ಕಾಗದದ ಕೆಲಸದಲ್ಲೇ ಇರುವ ಆರ್‌ಎನ್‌ಗೆ ಪಿಬಿಜೆಯಲ್ಲಿ ಬೇರೆಯೇ ಸಂಕೇತವಿದೆ. ಹಾಸಿಗೆ ಪಕ್ಕದ ಆರೈಕೆ ಎಷ್ಟೆಂದು ತಿಳಿಯಬೇಕಾದರೆ ಆ ಗಂಟೆಗಳನ್ನು ಬೇರೆ ಇಟ್ಟು ನೋಡಿ.

ಸರಾಸರಿಯನ್ನು ಒಂದೇ ದಿನದ ಮೇಲೆ ನಂಬಬೇಡಿ. ಮಂಗಳವಾರ ಬೆಳಗ್ಗೆ ಎಲ್ಲರೂ ಇರುತ್ತಾರೆ. ನೋಡಬೇಕಾದದ್ದು ಭಾನುವಾರ ರಾತ್ರಿಯ ಹಾಳೆ. ಸರ್ಕಾರದ ಕೇರ್ ಕಂಪೇರ್ ಜಾಲತಾಣದಲ್ಲಿ ವಾರಾಂತ್ಯದ ಗಂಟೆಗಳೂ ವರ್ಷದಲ್ಲಿ ಎಷ್ಟು ನರ್ಸ್‌ಗಳು ಕೆಲಸ ಬಿಟ್ಟರು ಎಂಬುದೂ ಸಿಗುತ್ತವೆ. 2022ರ ಜುಲೈನಿಂದ ಇವೆರಡೂ ಸಿಎಂಎಸ್ ಪ್ರತಿ ನರ್ಸಿಂಗ್ ಹೋಮ್‌ಗೆ ಒಂದರಿಂದ ಐದರವರೆಗೆ ಕೊಡುವ ನಕ್ಷತ್ರ ಶ್ರೇಣಿಗೆ ಸೇರಿವೆ. ಪಟ್ಟಿ ಹಾಕುವವರಿಗೆ ಒಂದು ಮಾತು: ಒಂದು ತ್ರೈಮಾಸಿಕದಲ್ಲಿ 4 ದಿನ ಆರ್‌ಎನ್ ಗಂಟೆ ಸೊನ್ನೆ ಬಿದ್ದರೆ ಸಿಬ್ಬಂದಿ ಶ್ರೇಣಿ ನೇರ ಒಂದು ನಕ್ಷತ್ರಕ್ಕೆ ಇಳಿಯುತ್ತದೆ. ಎಷ್ಟೋ ಸಲ ಆರ್‌ಎನ್ ಬಂದಿರುತ್ತಾರೆ, ಗಂಟೆ ಮಾತ್ರ ತಪ್ಪು ಸಂಕೇತದಡಿ ಹೋಗಿರುತ್ತದೆ. ತ್ರೈಮಾಸಿಕ ಮುಗಿದ 45 ದಿನಗಳ ಗಡುವಿನೊಳಗೆ ಅಂಥ ದಿನಗಳನ್ನು ಹುಡುಕಿ ತಿದ್ದಿ.

ಕುಟುಂಬದವರು ಹಳೆಯ ಹಾಳೆಗಳನ್ನು ಕೇಳಬಹುದು. ಕನಿಷ್ಠ 18 ತಿಂಗಳು ಅವನ್ನು ಕಾಪಿಡಬೇಕು, ಕೇಳಿದವರಿಗೆ ತೋರಿಸಬೇಕು ಎಂಬುದು ಕೇಂದ್ರ ನಿಯಮ. ಎರಡು ವಾರಾಂತ್ಯದ ಹಾಳೆಗಳನ್ನು ಕೇಳಿ, ಮೇಲಿನಂತೆ ಭಾಗಿಸಿ, ರಾಜ್ಯದ ಮಿತಿಯ ಪಕ್ಕದಲ್ಲಿಟ್ಟು ನೋಡಿ. ಕಡಿಮೆ ಬಂದರೆ ದಿನಾಂಕ, ಶಿಫ್ಟ್, ಗಂಟೆ ಬರೆದು ರಾಜ್ಯದ ತಪಾಸಣಾ ಇಲಾಖೆಗೆ ಅಥವಾ ನಿವಾಸಿಗಳ ಪರವಾಗಿ ದೂರು ಕೇಳುವ ಒಂಬಡ್ಸ್‌ಮನ್‌ಗೆ ಕೊಡಿ. "ಯಾವಾಗಲೂ ಜನ ಕಡಿಮೆ" ಎಂಬ ದೂರಿಗಿಂತ ಅದನ್ನು ಪರಿಶೀಲಿಸುವುದು ಸುಲಭ.