ಎಕೋ ವರದಿಯಲ್ಲಿ ‘ಹೃದಯದ ಕೊಬ್ಬಿನ ಗಡ್ಡೆ’ ಎಂದಿದ್ದರೆ: ಪತ್ತೆ ಮಾಡುವ, ನಿಭಾಯಿಸುವ ಬಗೆ

ಬೆಂಗಳೂರಿನಲ್ಲಿ ಈಗ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ, ಮಾಡಿಸಿಕೊಳ್ಳುವುದಕ್ಕೆ ಹೃದ್ರೋಗವೇ ಇರಬೇಕೆಂದಿಲ್ಲ. ಕಂಪನಿಯ ವಾರ್ಷಿಕ ತಪಾಸಣೆ, ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಮುಂಚೆ ಕೇಳುವ ಫಿಟ್‌ನೆಸ್ ಪತ್ರ, ಮೆಟ್ಟಿಲು ಹತ್ತುವಾಗ ಬಂದ ಸಣ್ಣ ಏದುಸಿರು, ಹೀಗೆ ಯಾವುದೋ ಕಾರಣಕ್ಕೆ ಎದೆಯ ಮೇಲೆ ಜೆಲ್ ಹಚ್ಚಿಸಿಕೊಂಡು ಮಲಗಿದವರ ವರದಿಯಲ್ಲಿ, ಅಪರೂಪಕ್ಕೊಮ್ಮೆ, ಹೃದಯದೊಳಗೆ ಗಡ್ಡೆಯಂಥದ್ದು ಕಾಣುತ್ತಿದೆ, ಕೊಬ್ಬಿನದಿರಬಹುದು ಎಂಬ ಒಂದು ಸಾಲು ಬಂದುಬಿಡುತ್ತದೆ. ಸಂಜೆಯೊಳಗೆ ಮನೆಯವರೆಲ್ಲ ಕ್ಯಾನ್ಸರ್ ಎಂದು ನಿಶ್ಚಯಿಸಿಕೊಂಡಿರುತ್ತಾರೆ. ಮುಂದಿನ ಮಾತುಗಳು ಆ ವರದಿಯನ್ನು ಕೈಯಲ್ಲಿ ಹಿಡಿದವರಿಗೂ, ಅವರು ಅದನ್ನು ಮೊದಲು ತೋರಿಸುವ ಬಡಾವಣೆಯ ವೈದ್ಯರಿಗೂ ಸೇರಿವೆ. ಇಡೀ ವಿಷಯ ಮೂರು ಪ್ರಶ್ನೆಗಳ ಮೇಲೆ ನಿಂತಿದೆ: ಅದು ನಿಜವಾಗಿಯೂ ಕೊಬ್ಬೇ, ಹೃದಯದ ಯಾವ ಜಾಗದಲ್ಲಿದೆ, ಅಲ್ಲಿದ್ದುಕೊಂಡು ಯಾವುದಕ್ಕಾದರೂ ಅಡ್ಡಿ ಮಾಡುತ್ತಿದೆಯೇ. ಗಾತ್ರದ ಪ್ರಶ್ನೆಯನ್ನು ನಾನು ಬೇಕೆಂದೇ ಈ ಮೂರರ ಹೊರಗಿಟ್ಟಿದ್ದೇನೆ.

ಹೃದಯದಲ್ಲಿಯೇ ಹುಟ್ಟುವ ಗಡ್ಡೆಗಳು ಬಹಳ ವಿರಳ. ಶವಪರೀಕ್ಷೆಗಳ ಆಧಾರದ ಮೇಲೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಶೇ. 0.02, ಅಂದರೆ 10,000 ಮಂದಿಯಲ್ಲಿ ಇಬ್ಬರು. ಬೇರೆ ಅಂಗದ ಕ್ಯಾನ್ಸರ್ ಹೃದಯಕ್ಕೆ ಹರಡುವುದು ಇದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಹೃದಯದಲ್ಲೇ ಹುಟ್ಟಿದವುಗಳಲ್ಲಿ ನಾಲ್ಕರಲ್ಲಿ ಮೂರು ಅಪಾಯಕಾರಿಯಲ್ಲದ ಜಾತಿಯವು. ವಯಸ್ಕರಲ್ಲಿ ಅವುಗಳ ಪೈಕಿ ಮೊದಲ ಸ್ಥಾನ ಮಿಕ್ಸೋಮಾ ಎಂಬ ಲೋಳೆಯಂಥ ಗಡ್ಡೆಯದು. ಕೊಬ್ಬಿನ ಗಡ್ಡೆಯಾದ ಲಿಪೋಮಾದ ಪಾಲು ತೀರ ಚಿಕ್ಕದು.

ಕೊಬ್ಬು ಎಂಬ ಒಂದೇ ಮಾತಿನ ಕೆಳಗೆ ಎರಡು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ವರದಿ ಅವನ್ನು ಬೇರ್ಪಡಿಸದಿದ್ದರೆ ಓದುವವರಾದರೂ ಬೇರ್ಪಡಿಸಿಕೊಳ್ಳಬೇಕು. ಒಂದು ನಿಜವಾದ ಲಿಪೋಮಾ: ಬೆನ್ನಿನ ಮೇಲೋ ತೋಳಿನ ಮೇಲೋ ಚರ್ಮದಡಿ ಮೆತ್ತಗೆ ಸಿಗುವ ಕೊಬ್ಬಿನ ಗಂಟಿನಂತೆಯೇ, ತೆಳುವಾದ ಪೊರೆಯೊಳಗೆ ಪಕ್ವ ಕೊಬ್ಬಿನ ಕೋಶಗಳು ತುಂಬಿಕೊಂಡಿರುವ ಗಡ್ಡೆ. ಇದು ಯಾವ ವಯಸ್ಸಿನಲ್ಲಾದರೂ ಬರಬಹುದು. ಸುಮಾರು ಅರ್ಧದಷ್ಟು ಹೃದಯದ ಒಳಪೊರೆಯ ಕೆಳಗೆ ಹುಟ್ಟಿ ಕೋಣೆಯೊಳಕ್ಕೆ ಚಾಚುತ್ತವೆ; ಉಳಿದವು ಹೊರಮೈಯಲ್ಲಾಗಲಿ, ಸ್ನಾಯುವಿನ ನಡುವೆಯಾಗಲಿ ಇರುತ್ತವೆ. ಇನ್ನೊಂದು ಗಡ್ಡೆಯೇ ಅಲ್ಲ. ಮೇಲಿನ ಎರಡು ಕೋಣೆಗಳನ್ನು, ಅಂದರೆ ಹೃತ್ಕರ್ಣಗಳನ್ನು, ಬೇರ್ಪಡಿಸುವ ನಡುಗೋಡೆಯಲ್ಲಿ ಪೊರೆಯಿಲ್ಲದ ಕೊಬ್ಬು ಶೇಖರವಾಗಿ ಗೋಡೆ ದಪ್ಪವಾಗುವ ಸ್ಥಿತಿ ಅದು; ವರದಿಯಲ್ಲಿ ಅದರ ಹೆಸರು ಲಿಪೋಮ್ಯಾಟಸ್ ಹೈಪರ್‌ಟ್ರೋಫಿ. 1964ರಲ್ಲಿ ಮೊದಲು ವರ್ಣಿತವಾದ ಇದು ಲಿಪೋಮಾಗಿಂತ ಎಷ್ಟೋ ಸಾಮಾನ್ಯ. ವಯಸ್ಸಾದವರಲ್ಲಿ, ಮೈತೂಕ ಹೆಚ್ಚಿರುವವರಲ್ಲಿ ಹೆಚ್ಚು. ಗೋಡೆಯ ದಪ್ಪ 2 ಸೆಂ.ಮೀ. ದಾಟಿದಾಗ ಈ ಹೆಸರನ್ನು ಕೊಡುವುದು ವಾಡಿಕೆ. ನಡುಗೋಡೆಯ ಮಧ್ಯದಲ್ಲಿರುವ ಫೋಸಾ ಓವಾಲಿಸ್ ಎಂಬ ತೆಳು ಜಾಗವನ್ನು ಈ ಕೊಬ್ಬು ಮುಟ್ಟುವುದಿಲ್ಲವಾದ್ದರಿಂದ, ಚಿತ್ರದಲ್ಲಿ ಅದು ನಡು ಸಣ್ಣಗೆ, ಎರಡು ತುದಿ ದಪ್ಪಗೆ, ಡಮರುವಿನ ಆಕಾರದಲ್ಲಿ ಕಾಣುತ್ತದೆ. ವೈದ್ಯರು ಅದನ್ನು ಡಂಬೆಲ್ ಎನ್ನುತ್ತಾರೆ. ಡಮರು ಎಂದರೆ ನಮಗೆ ಇನ್ನೂ ಬೇಗ ಕಣ್ಣಿಗೆ ಕಟ್ಟುತ್ತದೆ.

ಇಬ್ಬರು ಕಾಲ್ಪನಿಕ ರೋಗಿಗಳನ್ನು ಮುಂದಿಟ್ಟುಕೊಳ್ಳೋಣ. ಒಬ್ಬರು ಮಲ್ಲೇಶ್ವರದ 66 ವರ್ಷದ ಗೃಹಿಣಿ. ಮಂಡಿ ಚಿಪ್ಪಿನ ಬದಲಾವಣೆಗೆ ಮುಂಚೆ ಮಾಡಿದ ಎಕೋದಲ್ಲಿ ನಡುಗೋಡೆ ದಪ್ಪವೆಂದು ಬಂದಿದೆ, ತೊಂದರೆ ಏನೂ ಇಲ್ಲ. ಇನ್ನೊಬ್ಬ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ 34ರ ಯುವಕ; ಎರಡು ಸಲ ಕೆಲಸದ ನಡುವೆ ಕಣ್ಣು ಕತ್ತಲೆ ಬಂದು ಬಿದ್ದಿದ್ದಾನೆ, ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಎಡಗಡೆಯ ಕೆಳಕೋಣೆಯಲ್ಲಿ, ಅಡಿಕೆ ಗಾತ್ರದ ಹೊಳೆಯುವ ಗಡ್ಡೆ ಕಂಡಿದೆ.

ಇಬ್ಬರಿಗೂ ಮೊದಲ ಹೆಜ್ಜೆ ಒಂದೇ: ಎಕೋದ ಮಾತನ್ನು ಸಂಶಯವೆಂದು ಮಾತ್ರ ತೆಗೆದುಕೊಳ್ಳಬೇಕು, ತೀರ್ಪೆಂದು ಅಲ್ಲ. ಕೋಣೆಯೊಳಗಿನ ಲಿಪೋಮಾ ಎಕೋದಲ್ಲಿ ಬೆಳ್ಳಗೆ, ಅಂಚು ನಯವಾಗಿ, ಅಗಲವಾದ ಬುಡದ ಮೇಲೆ ಕದಲದೆ ಕೂತಂತೆ ಕಾಣುವುದು ನಿಜ. ಮಿಕ್ಸೋಮಾ ಬಹುಮಟ್ಟಿಗೆ ಎಡ ಹೃತ್ಕರ್ಣದ ನಡುಗೋಡೆಗೆ ತೊಟ್ಟಿನಿಂದ ಜೋತುಕೊಂಡು, ಪ್ರತಿ ಬಡಿತಕ್ಕೂ ಓಲಾಡುತ್ತದೆ. ರಕ್ತದ ಹೆಪ್ಪು ಸಾಮಾನ್ಯವಾಗಿ ಹಿಂದಿನ ಹೃದಯಾಘಾತದಿಂದ ಚಲನೆ ಕಳೆದುಕೊಂಡ ಗೋಡೆಯ ಬಳಿ, ಇಲ್ಲವೇ ಲಯ ತಪ್ಪಿದ ಹೃತ್ಕರ್ಣದ ಮೂಲೆಯಲ್ಲಿ ಕಾಣುತ್ತದೆ. ಆದರೆ ಎಕೋಗೆ ಕೊಬ್ಬನ್ನು ಕೊಬ್ಬೆಂದು ಗುರುತಿಸುವ ಶಕ್ತಿಯಿಲ್ಲ. ಅದು ಕಾಣುವುದು ಹೊಳಪನ್ನು, ಆಕಾರವನ್ನು, ಚಲನೆಯನ್ನು. ಹೃದಯದ ಹೊರಗೆ, ಹೊರಪೊರೆಯ ಚೀಲದೊಳಗೆ ಬೆಳೆದ ಲಿಪೋಮಾ ಮಂಕಾಗಿಯೂ ಕಾಣಬಹುದು. ನಡುಗೋಡೆಯ ವಿಷಯವಾದರೆ, ಗಂಟಲಿನ ಮೂಲಕ ನಳಿಕೆ ಇಳಿಸಿ ಮಾಡುವ ಟಿಇಇ ಪರೀಕ್ಷೆ ಡಮರುವಿನ ಆಕಾರವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅದಕ್ಕೆ ಹೊಟ್ಟೆ ಖಾಲಿಯಿರಬೇಕು.

ಎರಡನೆಯ ಹೆಜ್ಜೆಗೆ ಮುಂಚೆ ಮನೆಯ ಅಲ್ಮೇರಾ ತೆರೆದು ನೋಡುವುದು ಒಳ್ಳೆಯದು. 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಈ ಊರಿನ ಎಷ್ಟೋ ಮಂದಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿಕೊಂಡಿದ್ದಾರೆ. ಆಗ ಎಲ್ಲರ ಕಣ್ಣೂ ಶ್ವಾಸಕೋಶದ ಮೇಲಿತ್ತು, ಹೃದಯವನ್ನು ಯಾರೂ ವಿಶೇಷವಾಗಿ ನೋಡಿರಲಿಕ್ಕಿಲ್ಲ. ಆದರೆ ಚಿತ್ರದಲ್ಲಿ ಹೃದಯವೂ ಇದೆ. ಆ ಹಳೆಯ ಸಿ.ಡಿ. ಸಿಕ್ಕರೆ ಅದನ್ನು ರೇಡಿಯಾಲಜಿಸ್ಟ್‌ಗೆ ಕೊಡಿ. ಬಡಿತಕ್ಕೆ ಹೊಂದಿಸಿ ತೆಗೆದ ಚಿತ್ರವಲ್ಲವಾದ್ದರಿಂದ ಅಳತೆ ಸ್ವಲ್ಪ ಹೆಚ್ಚುಕಡಿಮೆಯಾಗಬಹುದು; ಆದರೂ ಅದೇ ಕೊಬ್ಬು ಅದೇ ಜಾಗದಲ್ಲಿ ವರ್ಷಗಳ ಹಿಂದೆಯೂ ಹೀಗೆಯೇ ಇತ್ತೆಂದು ತಿಳಿದರೆ, ಅದಕ್ಕಿಂತ ದೊಡ್ಡ ಸಮಾಧಾನ ಯಾವ ಹೊಸ ಪರೀಕ್ಷೆಯಿಂದಲೂ ಸಿಗುವುದಿಲ್ಲ. ಮಲ್ಲೇಶ್ವರದ ಗೃಹಿಣಿಯ ಕಥೆ ಅನೇಕ ವೇಳೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದಾಗ ಸಿಟಿ, ಇಲ್ಲವೇ ಎಂಆರ್‌ಐ. ಸಿಟಿಯಲ್ಲಿ ಪ್ರತಿ ಅಂಗಾಂಶಕ್ಕೂ ಹೌನ್ಸ್‌ಫೀಲ್ಡ್ ಎಂಬ ಮಾನದಲ್ಲಿ ಒಂದು ಅಂಕಿ ಸಿಗುತ್ತದೆ. ನೀರಿಗೆ ಸೊನ್ನೆ, ಸ್ನಾಯುವಿಗೆ ಸೊನ್ನೆಗಿಂತ ಮೇಲೆ, ಕೊಬ್ಬಿಗೆ ಸೊನ್ನೆಗಿಂತ ಸಾಕಷ್ಟು ಕೆಳಗೆ, ಸಾಮಾನ್ಯವಾಗಿ −50ಕ್ಕಿಂತಲೂ ಕಡಿಮೆ. ಗಡ್ಡೆಯ ಉದ್ದಗಲಕ್ಕೂ ಅಂಕಿ ಹೀಗೆ ಕೆಳಗೇ ಉಳಿದರೆ ಅದು ಕೊಬ್ಬೆನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ. ಇದಕ್ಕೆ ರಕ್ತನಾಳಗಳು ಎದ್ದು ಕಾಣಲೆಂದು ಚುಚ್ಚುವ ಕಾಂಟ್ರಾಸ್ಟ್ ಔಷಧವೂ ಬೇಕಿಲ್ಲ. ಗಡ್ಡೆ ಹೃದಯದ ರಕ್ತನಾಳಗಳನ್ನು ಸುತ್ತಿಕೊಂಡಿದೆಯೇ ಎಂದು ನೋಡಬೇಕಾದಾಗ ಮಾತ್ರ ಕಾಂಟ್ರಾಸ್ಟ್ ಅನಿವಾರ್ಯ, ಆಗ ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಮೂತ್ರಪಿಂಡಗಳ ಸ್ಥಿತಿ ತಿಳಿದುಕೊಳ್ಳಬೇಕು.

ಎಂಆರ್‌ಐ ವಿಕಿರಣವಿಲ್ಲದ ಹಾದಿ, ಯುವಕರಿಗೆ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಕೊಬ್ಬು ಬಹಳ ಬೆಳ್ಳಗೆ ಕಾಣುತ್ತದೆ. ಆಮೇಲೆ ಯಂತ್ರಕ್ಕೆ ಕೊಬ್ಬಿನ ಸಂಕೇತವನ್ನಷ್ಟೇ ಅಡಗಿಸುವಂತೆ ಹೇಳಿ ಅದೇ ಜಾಗವನ್ನು ಮತ್ತೆ ತೆಗೆದಾಗ, ಬೆಳ್ಳಗಿದ್ದದ್ದು ಪೂರ್ತಿ ಕಪ್ಪಾಗಿಬಿಡುತ್ತದೆ. ಚರ್ಮದಡಿಯ ಕೊಬ್ಬಿನ ಜೊತೆಜೊತೆಗೇ ಗಡ್ಡೆಯೂ ಕಪ್ಪಾಯಿತೆಂದರೆ ಉತ್ತರ ಸಿಕ್ಕಂತೆ. ಎಂಆರ್‌ಐನ ಕಾಂಟ್ರಾಸ್ಟ್ ಔಷಧವಾದ ಗ್ಯಾಡೋಲಿನಿಯಂ ಕೊಟ್ಟ ಮೇಲೂ ಲಿಪೋಮಾ ಅದನ್ನು ಹೀರಿಕೊಳ್ಳದೆ ಸಪ್ಪಗೇ ಇರುತ್ತದೆ. ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಉಪಕರಣ, ಮೈಯಲ್ಲಿ ಉಳಿದ ಲೋಹದ ಚೂರು ಇವುಗಳಲ್ಲಿ ಯಾವುದಿದ್ದರೂ ಮೊದಲೇ ತಿಳಿಸಬೇಕು. ಪೀಣ್ಯದ ಯುವಕನಂಥವರ ಕಣ್ಣಿನಲ್ಲಿ ಎಂದೋ ಸಿಡಿದ ಕಬ್ಬಿಣದ ಪುಡಿ ಇರುವ ಸಾಧ್ಯತೆಯನ್ನು ಕೇಳಿಯೇ ತಿಳಿಯಬೇಕು. ಅದು ಅವರಾಗಿ ಹೇಳುವ ವಿಷಯವಲ್ಲ.

ವರದಿಯಲ್ಲಿ ಏನೇನು ಬರೆದಿರಬೇಕೆಂದು ಚೀಟಿಯಲ್ಲೇ ಕೇಳುವುದು ಬಡಾವಣೆಯ ವೈದ್ಯರು ಮಾಡಬಹುದಾದ ದೊಡ್ಡ ಉಪಕಾರ. ಗಡ್ಡೆಯ ಜಾಗ, ಮೂರು ದಿಕ್ಕಿನ ಅಳತೆ, ಬುಡದ ಅಗಲ, ಕವಾಟಕ್ಕೂ ರಕ್ತನಾಳಕ್ಕೂ ಇರುವ ದೂರ, ಒಳಗೆ ದಪ್ಪ ಗೆರೆಗಳಾಗಲಿ ಕೊಬ್ಬಲ್ಲದ ಗಂಟುಗಳಾಗಲಿ ಇವೆಯೇ, ಕಾಂಟ್ರಾಸ್ಟ್ ಹೀರಿದೆಯೇ, ಸುತ್ತ ನೀರು ತುಂಬಿದೆಯೇ. ಕೊನೆಯ ಮೂರು ಅಂಶಗಳು ಮುಖ್ಯವಾಗುವುದು ಲಿಪೋಸಾರ್ಕೋಮಾ ಎಂಬ ಕೊಬ್ಬಿನ ಕ್ಯಾನ್ಸರಿನ ಕಾರಣಕ್ಕೆ. ಹೃದಯದಲ್ಲಿ ಅದು ಅತ್ಯಂತ ವಿರಳ. ಆದರೆ ದಪ್ಪ ಗೆರೆ, ಗಂಟು, ಅಕ್ಕಪಕ್ಕಕ್ಕೆ ನುಗ್ಗಿದ ಅಂಚು, ಕೆಲವೇ ತಿಂಗಳಲ್ಲಿ ಹೆಚ್ಚಿದ ಗಾತ್ರ ಕಂಡರೆ ನಿಗಾದ ಮಾತು ಬಿಟ್ಟು ಕೂಡಲೇ ಹೃದಯ ಶಸ್ತ್ರಚಿಕಿತ್ಸಕರನ್ನೂ ಕ್ಯಾನ್ಸರ್ ತಜ್ಞರನ್ನೂ ಒಟ್ಟಿಗೆ ಕಾಣಬೇಕು. ನಗರದಲ್ಲಿ ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ, ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಎರಡೂ ಸರ್ಕಾರಿ ವ್ಯವಸ್ಥೆಯಲ್ಲೇ ಇರುವುದು ಇಂಥ ಹೊತ್ತಿನಲ್ಲಿ ಅನುಕೂಲ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಒಂದಿದೆ. ನಡುಗೋಡೆಯ ಕೊಬ್ಬಿನಲ್ಲಿ ಸಕ್ಕರೆಯನ್ನು ಚುರುಕಾಗಿ ಉರಿಸುವ ಕಂದು ಕೊಬ್ಬೂ ಬೆರೆತಿರುವುದರಿಂದ, ಬೇರೆ ಕ್ಯಾನ್ಸರಿಗಾಗಿ ಪೆಟ್ ಸ್ಕ್ಯಾನ್ ಮಾಡಿಸಿಕೊಂಡವರ ಹೃದಯದಲ್ಲಿ ಆ ಜಾಗ ಬೆಳಗಿಬಿಡಬಹುದು. ಕ್ಯಾನ್ಸರ್ ಹೃದಯಕ್ಕೂ ಹರಡಿತೆಂದು ಬರೆಯುವ ಮುಂಚೆ ಅದೇ ಸ್ಕ್ಯಾನಿನ ಸಿಟಿ ಭಾಗದಲ್ಲಿ ಅಲ್ಲಿ ಕೊಬ್ಬಿದೆಯೇ, ಡಮರುವಿನ ಆಕಾರ ಇದೆಯೇ ಎಂದು ನೋಡಬೇಕು.

ಚೂರು ತೆಗೆದು ಪರೀಕ್ಷಿಸುವುದು, ಅಂದರೆ ಬಯಾಪ್ಸಿ, ಚಿತ್ರಗಳು ಸ್ಪಷ್ಟವಿದ್ದಾಗ ಬೇಕಿಲ್ಲ. ಹೃದಯದ ಎಡಭಾಗದಲ್ಲಿ ಸೂಜಿಯಾಡಿಸಿದರೆ ಚೂರು ಕಳಚಿ ಮೆದುಳಿಗೆ ಹೋಗುವ ಅಪಾಯವಿದೆ. ಅನುಮಾನ ಉಳಿದ ಗಡ್ಡೆಯನ್ನು ತೆಗೆದ ಮೇಲೆ, ಕೋಶಗಳಲ್ಲಿ ಎಂಡಿಎಂ2 ಎಂಬ ಜೀನ್ ಅತಿಯಾಗಿ ಹೆಚ್ಚಿದೆಯೇ ಎಂದು ನೋಡಿ ಲಿಪೋಮಾವನ್ನು, ಅದರಂತೆಯೇ ಕಾಣುವ ಸೌಮ್ಯ ರೂಪದ ಲಿಪೋಸಾರ್ಕೋಮಾದಿಂದ ಬೇರ್ಪಡಿಸುತ್ತಾರೆ.

ಇನ್ನು ಮಾಡಬೇಕಾದದ್ದೇನು ಎಂಬ ಮಾತು. ಕೊಬ್ಬೆಂದು ಖಚಿತವಾಗಿ, ತೊಂದರೆಯಿಲ್ಲದೆ, ಕವಾಟಕ್ಕಾಗಲಿ ರಕ್ತದ ದಾರಿಗಾಗಲಿ ಅಡ್ಡವಿಲ್ಲದೆ ಇದ್ದರೆ ಸುಮ್ಮನೆ ಬಿಡುವುದೇ ಚಿಕಿತ್ಸೆ. ಇದನ್ನು ಕರಗಿಸುವ ಮಾತ್ರೆಯಿಲ್ಲ. ಲಿಪೋಮಾ ತುಪ್ಪ ತಿಂದು ಬಂದದ್ದಲ್ಲ, ತುಪ್ಪ ಬಿಟ್ಟರೆ ಹೋಗುವಂಥದ್ದೂ ಅಲ್ಲ. ತೂಕ ಇಳಿಸುವುದಕ್ಕೆ ಬೇರೆ ಹತ್ತು ಕಾರಣಗಳಿವೆ, ಇದನ್ನು ಹನ್ನೊಂದನೆಯದಾಗಿ ಸೇರಿಸಬೇಕಿಲ್ಲ. ರಕ್ತ ತೆಳುವಾಗಿಸುವ ಔಷಧವನ್ನು ಗಡ್ಡೆಯ ಹೆಸರಿನಲ್ಲಿ ಕೊಡುವುದು ತಪ್ಪು. ಹೃತ್ಕರ್ಣದ ಲಯ ತಪ್ಪಿದ್ದರೆ ಅದಕ್ಕೆ ಬೇಕಾಗಬಹುದು, ಆ ನಿರ್ಣಯ ಬೇರೆ. ನಿಗಾದ ಅವಧಿಗೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಲಿಪೋಮಾ ಆದರೆ ಮೊದಲು ಆರು ತಿಂಗಳಿಗೆ, ಬೆಳೆದಿಲ್ಲವೆಂದರೆ ಆಮೇಲೆ ವರ್ಷಕ್ಕೊಮ್ಮೆ ಎಕೋ ಎಂಬುದು ವಿವೇಕದ ಹಾದಿ, ಅದೂ ಸಾಧ್ಯವಾದಷ್ಟು ಒಂದೇ ಕಡೆ. ಸ್ಕ್ಯಾನ್ ಸೆಂಟರ್ ಬದಲಾದಾಗ ಅಳತೆಯೂ ಅಷ್ಟಿಷ್ಟು ಬದಲಾಗುತ್ತದೆ, ಗಡ್ಡೆ ಬೆಳೆಯಿತೆಂಬ ಗಾಬರಿ ವೃಥಾ ಹುಟ್ಟುತ್ತದೆ.

ಪೀಣ್ಯದ ಯುವಕನ ದಾರಿ ಬೇರೆ. ಹೃತ್ಕುಕ್ಷಿಯ ಗೋಡೆಯಲ್ಲಿ ಕೂತ ಅಡಿಕೆ ಗಾತ್ರದ ಕೊಬ್ಬು ವಿದ್ಯುತ್ ಸಂಕೇತದ ಹಾದಿಯನ್ನು ಕೆಡಿಸಿ, ಜೀವಕ್ಕೆ ಅಪಾಯ ತರುವ ವೇಗದ ಬಡಿತವನ್ನು ಹುಟ್ಟಿಸಬಲ್ಲದು. ಹೊರಪೊರೆಯೊಳಗೆ ಅಂಗೈ ಅಗಲ ಬೆಳೆದ ಇನ್ನೊಬ್ಬರ ಗಡ್ಡೆ ವರ್ಷಗಟ್ಟಲೆ ತೆಪ್ಪಗಿರಬಹುದು. ಗಾತ್ರವನ್ನು ಮೊದಲು ಹೊರಗಿಟ್ಟದ್ದು ಇದಕ್ಕೆ. ಪ್ರಜ್ಞೆ ತಪ್ಪಿದವನಿಗೆ ಇಸಿಜಿ, ಮೈಮೇಲೆ ಧರಿಸುವ ಪುಟ್ಟ ಯಂತ್ರದಿಂದ ಬಡಿತದ ಲಯವನ್ನು ಬಿಡದೆ ಬರೆದುಕೊಳ್ಳುವ 24 ಗಂಟೆ ಅಥವಾ ಅದಕ್ಕೂ ಹೆಚ್ಚಿನ ಹೋಲ್ಟರ್ ದಾಖಲೆ ಕೂಡಲೇ ಆಗಬೇಕು, ಅಲ್ಲಿಯವರೆಗೆ ಎತ್ತರದ ಕೆಲಸ, ಯಂತ್ರದ ಕೆಲಸ, ವಾಹನ ಓಡಿಸುವುದು ಬೇಡ. ಮತ್ತೆ ಬಿದ್ದರೆ ಬೈಕಿನ ಹಿಂದೆ ಕೂರಿಸಿಕೊಂಡು ಟ್ರಾಫಿಕ್‌ನಲ್ಲಿ ಅಲೆಯದೆ 108ಕ್ಕೆ ಕರೆ ಮಾಡಬೇಕು.

ತೆಗೆಯಬೇಕೆಂದಾದರೆ ಅದು ಎದೆಗೂಡು ತೆರೆದು ಮಾಡುವ ಶಸ್ತ್ರಚಿಕಿತ್ಸೆ. ಕೋಣೆಯೊಳಗಿನದಕ್ಕೆ ಹೃದಯವನ್ನು ನಿಲ್ಲಿಸಿ, ರಕ್ತ ಸಂಚಾರವನ್ನು ಹಾರ್ಟ್-ಲಂಗ್ ಯಂತ್ರಕ್ಕೆ ವಹಿಸಬೇಕು. ಹೊರಮೈಯ ಗಡ್ಡೆಯನ್ನು ಎಷ್ಟೋ ಸಲ ಯಂತ್ರವಿಲ್ಲದೆಯೇ ಬಿಡಿಸಬಹುದು. ನಡುಗೋಡೆಯಿಂದ ತೆಗೆದಾಗ ಉಳಿಯುವ ತೂತಿಗೆ ರೋಗಿಯದೇ ಹೃದಯದ ಹೊರಪೊರೆಯ ತುಂಡಿನಿಂದ ತೇಪೆ ಹಾಕುತ್ತಾರೆ. ಕಷ್ಟವಿರುವುದು ಸ್ನಾಯುವಿನೊಳಗೆ ಹುದುಗಿದ, ಇಲ್ಲವೇ ರಕ್ತನಾಳವನ್ನು ಅಪ್ಪಿಕೊಂಡ ಗಡ್ಡೆಯಲ್ಲಿ. ಅಲ್ಲಿ ಪೂರ್ತಿ ತೆಗೆಯುವ ಹಟಕ್ಕಿಂತ ಒಂದಿಷ್ಟು ಉಳಿಸಿಬರುವುದು ಜಾಣತನವಾಗಬಹುದು. ಪೂರ್ತಿ ತೆಗೆದ ಲಿಪೋಮಾ ಮತ್ತೆ ಬರುವುದು ಅಪರೂಪ. ನಡುಗೋಡೆಯ ಕೊಬ್ಬಿಗೆ, ಅದು ಮೇಲಿನ ಮಹಾಸಿರೆಯನ್ನು ಅದುಮಿದಾಗ ಅಥವಾ ಲಯದ ತೊಂದರೆ ಔಷಧಕ್ಕೆ ಬಗ್ಗದಿದ್ದಾಗ ಮಾತ್ರ ಶಸ್ತ್ರಚಿಕಿತ್ಸೆಯ ಯೋಚನೆ.

ಖರ್ಚಿನ ವಿಷಯದಲ್ಲಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತಮ್ಮ ಶಸ್ತ್ರಚಿಕಿತ್ಸೆ ಯಾವ ಪ್ಯಾಕೇಜಿಗೆ ಸೇರುತ್ತದೆಂದು ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾಗಿರುವ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕೇಳಿಕೊಳ್ಳಬೇಕು.

ಮನೆಯ ಇತರರಿಗೆಲ್ಲ ಎಕೋ ಮಾಡಿಸುವ ಅಗತ್ಯವಿಲ್ಲ. ಟ್ಯೂಬರಸ್ ಸ್ಕ್ಲಿರೋಸಿಸ್ ಎಂಬ ವಂಶವಾಹಿ ಕಾಯಿಲೆಯವರ ಹೃದಯದಲ್ಲಿ ಹಲವು ಕೊಬ್ಬಿನ ಚುಕ್ಕೆಗಳು ಕಾಣುವುದುಂಟು, ಆ ಕುಟುಂಬಗಳ ತಪಾಸಣೆ ಬೇರೆಯೇ. ಮಲ್ಲೇಶ್ವರದ ಗೃಹಿಣಿ ಮಂಡಿಯ ಶಸ್ತ್ರಚಿಕಿತ್ಸೆಗೆ ಹೋಗಬಹುದು, ಅರಿವಳಿಕೆ ತಜ್ಞರಿಗೆ ವರದಿ ತೋರಿಸಿದರೆ ಸಾಕು. ಮುಂದೆ ಎಂದಾದರೂ ಲಯದ ತೊಂದರೆಗಾಗಿ ನಡುಗೋಡೆಯನ್ನು ಸೂಜಿಯಿಂದ ದಾಟುವ ಕ್ಯಾತಿಟರ್ ಚಿಕಿತ್ಸೆ ಬೇಕಾದರೆ, ದಪ್ಪ ಕೊಬ್ಬಿನ ನಡುವೆ ಆ ತೆಳು ಜಾಗವನ್ನು ಹುಡುಕಿಯೇ ಚುಚ್ಚಬೇಕಾಗುತ್ತದೆ. ಅದಕ್ಕಾಗಿ ಈ ಸ್ಕ್ಯಾನಿನ ಸಿ.ಡಿ.ಯನ್ನು ರೇಷನ್ ಕಾರ್ಡ್ ಇಡುವ ಕವರಿನಲ್ಲೇ ಇಟ್ಟುಕೊಂಡಿರಲಿ.